ಅಂಜುಬುರುಕ ಮೀನುಗಳಿರುವ ದೊಡ್ಡ ಅಕ್ವೇರಿಯಂಗೆ ಯಾವ ಚುರುಕು ಮೀನು ಒಳ್ಳೆಯದು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಕುಂಬಳೆಯ ಸಮೀಪದ ನಿಮ್ಮ ಮನೆಯ ಚಾವಡಿಯಲ್ಲಿ 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಅಕ್ವೇರಿಯಂ ಇದೆ; ಅದರಲ್ಲಿ ಆರು ಪರ್ಲ್ ಗೌರಾಮಿಗಳೂ ಎಂಟು ಕುಹ್ಲಿ ಲೋಚ್‌ಗಳೂ ಇವೆ; ಮೂರು ತಿಂಗಳಾದರೂ ಗೌರಾಮಿಗಳು ಹಿಂಬದಿಯ ಗಿಡಗಳ ಮರೆಯಿಂದ ಹೊರಗೆ ಬಂದಿಲ್ಲ, ಲೋಚ್‌ಗಳಂತೂ ಕಣ್ಣಿಗೇ ಬೀಳುವುದಿಲ್ಲ; ಬಂದ ನೆಂಟರೆಲ್ಲ ಇದರಲ್ಲಿ ಮೀನು ಇಲ್ಲವೇ ಎಂದು ಕೇಳುತ್ತಾರೆ. ಅಂಗಡಿಯವರು ಟೈಗರ್ ಬಾರ್ಬ್, ಬಾಲಾ ಶಾರ್ಕ್, ಮಿಸ್ ಕೇರಳ ಎಂಬ ಮೂರು ಹೆಸರುಗಳನ್ನು ಹೇಳಿದ್ದಾರೆ, ಇವುಗಳಲ್ಲಿ ಯಾವುದನ್ನು ತರಲಿ ಎಂದು ನೀವು ಕೇಳಿದ್ದೀರಿ. ಮೂರೂ ಬೇಡ ಎಂಬುದು ನನ್ನ ಉತ್ತರ. ಅವುಗಳ ಬದಲು ಹತ್ತರಿಂದ ಹನ್ನೆರಡು ಸಿಸರ್‌ಟೇಲ್ ರಸ್ಬೋರಾಗಳನ್ನು ತನ್ನಿ; ಸಿಗದಿದ್ದರೆ ಇಪ್ಪತ್ತು ಹಾರ್ಲೆಕ್ವಿನ್ ರಸ್ಬೋರಾಗಳನ್ನು ತನ್ನಿ. ಹೀಗೆ ಹೇಳುವುದಕ್ಕೆ ಕಾರಣಗಳಿವೆ. ಮುಳ್ಳೇರಿಯದ ಕಡೆಯ ನಮ್ಮ ಮನೆಯಲ್ಲಿ ಇದೇ ಮುರಕಲ್ಲಿನ ಬಾವಿಯ ನೀರಿನಲ್ಲಿ ಹಲವು ವರ್ಷಗಳಿಂದ ಗೌರಾಮಿಗಳನ್ನು ಸಾಕುತ್ತಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿ ಬರೆಯುವ ಧೈರ್ಯ ಮಾಡುತ್ತಿದ್ದೇನೆ.

ಮೊದಲು ಚುರುಕು ಮೀನು ಮಾಡುವ ಕೆಲಸ ಏನೆಂದು ನೋಡೋಣ. ಅಂಜುವ ಮೀನು ಬಯಲಿಗೆ ಬರುವ ಮುನ್ನ ಉಳಿದ ಮೀನುಗಳು ಏನು ಮಾಡುತ್ತಿವೆ ಎಂದು ಗಮನಿಸುತ್ತದೆ. ನಡುನೀರಿನಲ್ಲಿ ಒಂದು ಹಿಂಡು ನಿಶ್ಚಿಂತೆಯಿಂದ ಓಡಾಡುತ್ತಿದ್ದರೆ, ಮೇಲಿನಿಂದ ಎರಗುವ ಮಿಂಚುಳ್ಳಿಯಾಗಲಿ ಕೆಳಗೆ ಹೊಂಚು ಹಾಕುವ ಹಾವುಮೀನಾಗಲಿ ಹತ್ತಿರದಲ್ಲಿ ಇಲ್ಲ ಎಂದು ಅದಕ್ಕೆ ಮನದಟ್ಟಾಗುತ್ತದೆ. ಸುತ್ತಲೂ ಯಾರೂ ಇಲ್ಲದ ನೀರು ನಮಗೆ ಶಾಂತವಾಗಿ ಕಂಡರೂ ಗೌರಾಮಿಗೆ ಅದು ಎಲ್ಲರೂ ಅಡಗಿ ಕುಳಿತ ನೀರಿನಂತೆ ತೋರುತ್ತದೆ. ಆದ್ದರಿಂದ ನೀವು ಆರಿಸುವ ಮೀನು ನೆಂಟರ ಕಣ್ಣಿಗೆ ಹಬ್ಬವಾಗುವುದಕ್ಕಿಂತ ಮೊದಲು ಈ ಆರು ಗೌರಾಮಿಗಳಿಗೆ ಅಭಯ ಕೊಡುವಂಥದ್ದಾಗಿರಬೇಕು. ಅಂಗಡಿಯ ಮೂರು ಹೆಸರುಗಳನ್ನೂ ಈ ದೃಷ್ಟಿಯಿಂದ ಅಳೆದರೆ ಅವು ಏಕೆ ಬೇಡವೆಂದು ತಿಳಿಯುತ್ತದೆ.

ಟೈಗರ್ ಬಾರ್ಬ್ ಚುರುಕೇನೋ ಹೌದು, ಆದರೆ ಜೋತಾಡುವ ರೆಕ್ಕೆಗಳನ್ನು ಕಚ್ಚುವ ಚಟ ಅದಕ್ಕಿದೆ. ಪರ್ಲ್ ಗೌರಾಮಿಯ ಹೊಟ್ಟೆಯ ಕೆಳಗೆ ದಾರದಂತೆ ಇಳಿಬಿದ್ದಿರುವ ಎರಡು ರೆಕ್ಕೆಗಳು ಅದರ ಕೈಬೆರಳುಗಳಿದ್ದ ಹಾಗೆ. ಎದುರಿಗಿರುವುದು ಕಲ್ಲೋ ಎಲೆಯೋ ಜೊತೆಗಾರನೋ ಎಂದು ಅದು ತಡವಿ ತಿಳಿಯುವುದು ಅವುಗಳಿಂದಲೇ. ಅವನ್ನು ಕಳೆದುಕೊಂಡ ಗೌರಾಮಿ ಇನ್ನಷ್ಟು ಮುದುಡಿಕೊಳ್ಳುತ್ತದೆ. ಬಾಲಾ ಶಾರ್ಕ್ ಅಂಗಡಿಯಲ್ಲಿ ಮೂರು ಇಂಚು ಇದ್ದರೂ ಬೆಳೆದರೆ ಒಂದು ಅಡಿಯನ್ನು ದಾಟುವ ಮೀನು. ಅದು ಸ್ವಭಾವತಃ ಗಾಬರಿಯ ಮೀನೂ ಹೌದು. ರಾತ್ರಿ ಯಾರಾದರೂ ಥಟ್ಟನೆ ದೀಪ ಹಾಕಿದರೆ ಗಾಜಿಗೆ ಹೋಗಿ ಬಡಿದುಕೊಳ್ಳುತ್ತದೆ. ಭಯಪಡುವವರ ಮಧ್ಯೆ ಇನ್ನೊಬ್ಬ ಭಯಸ್ಥನನ್ನು ಕರೆತಂದರೆ ಭಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಮಿಸ್ ಕೇರಳದ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅದು ನಮ್ಮದೇ ಹೊಳೆಯ ಮೀನು. ಮೀನುಗಳ ತಜ್ಞ ಫ್ರಾನ್ಸಿಸ್ ಡೇ 1865ರಲ್ಲಿ ಇದನ್ನು ವಿವರಿಸಿ, ಆಗ ಮದರಾಸಿನ ಗವರ್ನರ್ ಆಗಿದ್ದ ಡೆನಿಸನ್ನನ ಹೆಸರಿಟ್ಟರು. 2013ರಲ್ಲಿ ಇದಕ್ಕಾಗಿ ಸಹ್ಯಾದ್ರಿಯಾ ಎಂಬ ಹೊಸ ಕುಲವನ್ನೇ ಮಾಡಲಾಯಿತು. ಕೊಡಗಿನ ಬೆಟ್ಟಗಳಿಂದ ಸುಳ್ಯದ ಮೂಲಕ ಪಯಸ್ವಿನಿಯಾಗಿ ಹರಿದು ಬಂದು ಕಾಸರಗೋಡಿನಲ್ಲಿ ಚಂದ್ರಗಿರಿ ಎನಿಸಿಕೊಳ್ಳುವ ನಮ್ಮ ಹೊಳೆ ಇದರ ಕೆಲವೇ ನೆಲೆಗಳಲ್ಲಿ ಒಂದು. ಚಿಕ್ಕಂದಿನಲ್ಲಿ ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಬಂಡೆಗಳ ನಡುವಿನ ಸೆಳವಿನಲ್ಲಿ ಕೆಂಪು ಗೆರೆಯ ಈ ಹಿಂಡು ಪ್ರವಾಹಕ್ಕೆ ಎದುರಾಗಿ ನಿಂತಿರುವುದನ್ನು ಕಂಡ ನೆನಪು ನನಗೆ ಇಂದಿಗೂ ಅಚ್ಚಳಿಯದೆ ಇದೆ. ಈಗ ಇದು ಅಳಿವಿನಂಚಿನ ಮೀನುಗಳ ಜಾಗತಿಕ ಪಟ್ಟಿಯಲ್ಲಿದೆ, ಅಕ್ವೇರಿಯಂ ವ್ಯಾಪಾರಕ್ಕಾಗಿ ಹೊಳೆಯಿಂದ ಹಿಡಿದದ್ದು ಅದಕ್ಕೆ ಒಂದು ಮುಖ್ಯ ಕಾರಣ. ಹೊಳೆಯಿಂದ ಹಿಡಿದ ಮೀನನ್ನು ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ದಯವಿಟ್ಟು ಕೊಳ್ಳಬೇಡಿ. ಸಾಕಣೆಯಲ್ಲಿ ಹುಟ್ಟಿದ ಮರಿಗಳೇ ಸಿಕ್ಕಿದರೂ ನಿಮ್ಮ ಅಕ್ವೇರಿಯಂಗೆ ಅವು ಹೊಂದುವುದಿಲ್ಲ. ತಂಪಾದ, ಹರಿಯುವ, ಆಮ್ಲಜನಕ ತುಂಬಿದ ನೀರು ಅವುಗಳಿಗೆ ಬೇಕು, 25 ಡಿಗ್ರಿಯನ್ನು ಮೀರಿದ ಬೆಚ್ಚನೆಯ ನೀರು ಬಹುಕಾಲ ಅವುಗಳಿಗೆ ಒಗ್ಗದು. ನಮ್ಮ ಚಾವಡಿಯಲ್ಲಿ ಮೇ ತಿಂಗಳ ಮಧ್ಯಾಹ್ನ ನೀರು 30 ಡಿಗ್ರಿ ಮುಟ್ಟುತ್ತದೆ. ಗೌರಾಮಿಯಾದರೋ ಮಲಯ, ಸುಮಾತ್ರಾ, ಬೋರ್ನಿಯೊಗಳ ಜೌಗು ನೆಲದ ನಿಂತ ನೀರಿನಲ್ಲಿ ಬೆಳೆದದ್ದು. ಒಂದಕ್ಕೆ ಬೇಕಾದ ಸೆಳವು ಇನ್ನೊಂದಕ್ಕೆ ಹಿಂಸೆ.

ಇನ್ನು ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ಆಗ ನನ್ನಲ್ಲಿದ್ದದ್ದು ನಾಲ್ಕು ಅಡಿಯ ಅಕ್ವೇರಿಯಂ, ನಾಲ್ಕು ಪರ್ಲ್ ಗೌರಾಮಿಗಳು. ಅವೂ ನಿಮ್ಮವುಗಳಂತೆ ಮೂಲೆ ಸೇರಿದ್ದವು. ನಮ್ಮ ತೋಡುಗಳಲ್ಲಿಯೂ ಕಾಣಸಿಗುವ ಮಲಬಾರ್ ಡ್ಯಾನಿಯೊ ಎಂಟನ್ನು ತಂದು ಬಿಟ್ಟೆ. ಮೂರೇ ದಿನಗಳಲ್ಲಿ ಗೌರಾಮಿಗಳು ಮುಂದಿನ ಗಾಜಿನ ಬಳಿಗೆ ಬಂದವು, ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ಆದರೆ ಎರಡು ತಿಂಗಳು ಕಳೆಯುವಷ್ಟರಲ್ಲಿ ಅವುಗಳ ಬೆನ್ನು ಸಣಕಲಾಗಿ ಕಾಣತೊಡಗಿತು. ಕುಳಿತು ನೋಡಿದಾಗ ತಿಳಿದದ್ದು ಇಷ್ಟು: ಡ್ಯಾನಿಯೊಗಳು ಮೇಲ್ಮೈಯ ಮೀನುಗಳು, ಹಾಕಿದ ಆಹಾರ ನೀರು ಮುಟ್ಟುವ ಮೊದಲೇ ನುಂಗುತ್ತಿದ್ದವು, ಯೋಚಿಸಿ ಯೋಚಿಸಿ ಬಾಯಿ ಹಾಕುವ ಗೌರಾಮಿಗೆ ಏನೂ ಉಳಿಯುತ್ತಿರಲಿಲ್ಲ. ಅದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿತ್ತು. ಗೌರಾಮಿಯ ತಲೆಯಲ್ಲಿ ಕಿವಿರುಗಳ ಮೇಲ್ಭಾಗದಲ್ಲಿ ಮಡಿಕೆಮಡಿಕೆಯಾದ ಒಂದು ಅಂಗವಿದೆ; ಮೀನು ಆಗಾಗ ಮೇಲೆ ಬಂದು ಗಾಳಿಯನ್ನು ಗುಟುಕರಿಸಿ ಆ ಅಂಗದಿಂದಲೂ ಉಸಿರಾಡುತ್ತದೆ. ಉಸಿರಿಗಾಗಿ ಮೇಲೆ ಬಂದಾಗಲೆಲ್ಲ ಎಂಟು ಬಿರುಸಿನ ಮೀನುಗಳು ಅಡ್ಡ ಹಾಯ್ದರೆ ಆ ಪ್ರಾಣಿಗೆ ನೆಮ್ಮದಿ ಎಲ್ಲಿಂದ ಬರಬೇಕು? ಅದೇ ವಾರ ಒಂದು ಡ್ಯಾನಿಯೊ ಮುಚ್ಚಳದ ಸಂದಿಯಿಂದ ಹಾರಿ ನೆಲಕ್ಕೆ ಬಿದ್ದು ಸತ್ತಿತು. ಉಳಿದ ಏಳನ್ನು ದೊಡ್ಡ ಸಿಮೆಂಟ್ ತೊಟ್ಟಿ ಇದ್ದ ಗೆಳೆಯರಿಗೆ ಕೊಟ್ಟೆ. ಒಮ್ಮೆ ಅಕ್ವೇರಿಯಂನಲ್ಲಿದ್ದ ಮೀನನ್ನು, ಅದು ಈ ಊರಿನದೇ ಆದರೂ, ತೋಡಿಗೆ ಮರಳಿ ಬಿಡಬಾರದು, ಅಂಗಡಿಯ ರೋಗಗಳೂ ಅದರೊಂದಿಗೆ ಹೊಳೆ ಸೇರುತ್ತವೆ.

ಅಂದಿನಿಂದ ನಾನು ಮೀನನ್ನು ಆರಿಸುವಾಗ ಅದು ನೀರಿನ ಯಾವ ಪದರದಲ್ಲಿ ಬದುಕುತ್ತದೆ ಎಂಬುದನ್ನೇ ಮೊದಲು ಕೇಳುತ್ತೇನೆ. ನಿಮ್ಮಲ್ಲಿ ಮೇಲ್ಮೈ ಗೌರಾಮಿಗಳಿಗೆ ಬೇಕು, ತಳ ಲೋಚ್‌ಗಳಿಗೆ ಸೇರಿದ್ದು; ಖಾಲಿ ಇರುವುದು ನಡುನೀರು. ಸಿಸರ್‌ಟೇಲ್ ರಸ್ಬೋರಾ ಅಲ್ಲಿಗೆ ಹೇಳಿ ಮಾಡಿಸಿದ ಮೀನು. ಅಕ್ವೇರಿಯಂನಲ್ಲಿ ಸುಮಾರು ಮೂರು ನಾಲ್ಕು ಇಂಚು ಬೆಳೆಯುತ್ತದೆ, ಬಾಲದ ಎರಡೂ ತುದಿಗಳಲ್ಲಿ ಕಪ್ಪು ಪಟ್ಟೆ ಇದ್ದು ಈಜುವಾಗ ಬಾಲವು ಕತ್ತರಿಯಂತೆ ತೆರೆದು ಮುಚ್ಚುತ್ತದೆ. ಐದು ಅಡಿಯ ಉದ್ದವನ್ನು ಅದು ಪೂರ್ತಿಯಾಗಿ ಬಳಸುತ್ತದೆ, ಯಾರ ರೆಕ್ಕೆಗೂ ಬಾಯಿ ಹಾಕುವುದಿಲ್ಲ. ಬಣ್ಣ ಬೆಳ್ಳಿಯದು ಮಾತ್ರ ಎಂದು ಹಲವರು ಅದನ್ನು ಬಿಟ್ಟುಬಿಡುತ್ತಾರೆ. ಗೌರಾಮಿಯ ಮೈಮೇಲಿನ ಮುತ್ತಿನ ಚುಕ್ಕೆಗಳಿಗೆ ಅದಕ್ಕಿಂತ ಒಳ್ಳೆಯ ಹಿನ್ನೆಲೆ ನನಗೆ ತಿಳಿದಿಲ್ಲ. ಹಾರ್ಲೆಕ್ವಿನ್ ರಸ್ಬೋರಾ ಇಂಚೂವರೆಯಿಂದ ಎರಡು ಇಂಚಿನದು, ತಾಮ್ರದ ಬಣ್ಣದ ಮೈಮೇಲೆ ಕಪ್ಪು ತ್ರಿಕೋನ. ಓಟ ಸ್ವಲ್ಪ ನಿಧಾನ, ಆದ್ದರಿಂದ ಸಂಖ್ಯೆ ಹೆಚ್ಚು ಬೇಕು. ಇವೆರಡೂ ಗೌರಾಮಿಗಳ ಸೀಮೆಯವೇ ಆದುದರಿಂದ ಮೃದುವಾದ, ತುಸು ಆಮ್ಲೀಯವಾದ ನಮ್ಮ ಬಾವಿನೀರು ಅವಕ್ಕೆ ಪರಕೀಯವೆನಿಸದು. ದೊಡ್ಡ ಮೀನೇ ಬೇಕೆಂದರೆ ಆಫ್ರಿಕಾದ ಕಾಂಗೊ ಟೆಟ್ರಾ ಹತ್ತು ಆಗಬಹುದು. ಬೋಸೆಮಾನಿ ರೇನ್‌ಬೋ ಎಷ್ಟೇ ಸುಂದರವಾಗಿದ್ದರೂ ಗಡಸು ನೀರನ್ನು ಬಯಸುವ ಮೀನು, ಅದನ್ನು ಆ ನೀರು ಇರುವವರಿಗೇ ಬಿಡೋಣ.

ಒಂದೇ ಜಾತಿಯನ್ನು ತನ್ನಿ. ನಾಲ್ಕು ಬಗೆಯ ಮೂರು ಮೂರು ಮೀನುಗಳನ್ನು ಬಿಟ್ಟರೆ ಯಾವುದೂ ಹಿಂಡಾಗುವುದಿಲ್ಲ, ಹಿಂಡಿಲ್ಲದ ರಸ್ಬೋರಾ ತಾನೂ ಅಡಗಿಕೊಳ್ಳುತ್ತದೆ. ನಿಮ್ಮ ಅಕ್ವೇರಿಯಂ 20 ಘನ ಅಡಿ, ಎಂದರೆ ಅಂಚಿನವರೆಗೆ ತುಂಬಿದರೆ ಸುಮಾರು 566 ಲೀಟರ್. ಮರಳು, ಕಲ್ಲು, ಮೇಲಿನ ಗಾಳಿಯ ಜಾಗ ಕಳೆದರೂ ಹನ್ನೆರಡು ಸಿಸರ್‌ಟೇಲ್‌ಗಳಿಗೆ ಧಾರಾಳ. ತಂದವನ್ನು ಮೂರು ವಾರ ಬೇರೊಂದು ಸಣ್ಣ ತೊಟ್ಟಿಯಲ್ಲಿಟ್ಟು ರೋಗ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೊದಲು ಆರನ್ನು, ಎರಡು ವಾರಗಳ ಮೇಲೆ ಉಳಿದ ಆರನ್ನು ಬಿಡಿ. ಮೀನಿನ ಹೊಲಸಿನಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ಬೇರೆ ರೂಪಕ್ಕೆ ಬದಲಿಸುವ ಬ್ಯಾಕ್ಟೀರಿಯಾಗಳು ಹೆಚ್ಚಿದ ಹೊರೆಗೆ ಹೊಂದಿಕೊಳ್ಳಲು ಅಷ್ಟು ಸಮಯ ಬೇಕು. ಬಿಡುವಾಗ ಬಲೆಯನ್ನು ಬಳಸದೆ ಅಗಲ ಬಾಯಿಯ ಪ್ಲಾಸ್ಟಿಕ್ ಪಾತ್ರೆಯಲ್ಲಿ ನೀರಿನೊಂದಿಗೇ ಎತ್ತಿ ಒಯ್ಯಿರಿ. ಇದು ಬರಿಯ ನಾಜೂಕಿನ ಮಾತಲ್ಲ. ಗೆಂಡೆಮೀನು ಸೇರಿದ ವರ್ಗದ ಮೀನಿನ ಚರ್ಮಕ್ಕೆ ಗಾಯವಾದಾಗ ನೀರಿಗೆ ಸೇರುವ ಒಂದು ರಾಸಾಯನಿಕ ಉಳಿದವುಗಳನ್ನು ಬೆದರಿಸುತ್ತದೆ ಎಂಬುದನ್ನು ಜೀವವಿಜ್ಞಾನಿ ಕಾರ್ಲ್ ಫಾನ್ ಫ್ರಿಷ್ 1938ರಲ್ಲಿಯೇ ತೋರಿಸಿಕೊಟ್ಟಿದ್ದಾರೆ. ರಸ್ಬೋರಾಗಳೂ ಲೋಚ್‌ಗಳೂ ಅದೇ ವರ್ಗಕ್ಕೆ ಸೇರಿದವು. ಬಲೆಯಲ್ಲಿ ತರಚಿದ ಒಂದು ಮೀನು ಇಡೀ ಅಕ್ವೇರಿಯಂಗೆ ಅಂಜಿಕೆ ಹಂಚಬಲ್ಲದು.

ಆದರೆ ಹೊಸ ಮೀನು ತರುವ ಮೊದಲು ಇರುವ ಮೀನುಗಳಿಗೆ ಆಗುತ್ತಿರುವ ಕಿರುಕುಳವನ್ನು ನಿಲ್ಲಿಸಬೇಕು. ಅಕ್ವೇರಿಯಂನ ಹಿಂಬದಿ ಮತ್ತು ಎರಡೂ ಪಕ್ಕಗಳಿಗೆ ಕಪ್ಪು ಕಾಗದ ಅಂಟಿಸಿ. ನಾಲ್ಕೂ ಕಡೆ ತೆರೆದಿರುವ ಗಾಜಿನೊಳಗೆ ಯಾವ ಮೀನಿಗೂ ಬೆನ್ನಿಗೆ ಆಸರೆ ಇರದು. ಮೇಲಿನ ಬೆಳಕಿನ ಅರ್ಧವನ್ನಾದರೂ ಮರೆಮಾಡಲು ಅಂತರಗಂಗೆಯನ್ನು ತೇಲಬಿಡಿ, ಹೆಚ್ಚಾದುದನ್ನು ತೆಂಗಿನ ಬುಡಕ್ಕೆ ಹಾಕಿ, ತೋಡಿಗೆ ಎಸೆಯಬೇಡಿ. ಬಾದಾಮಿ ಮರದ ಒಣಗಿ ಉದುರಿದ ನಾಲ್ಕು ಎಲೆಗಳನ್ನು ತೊಳೆದು ಹಾಕಿದರೆ ನೀರು ಚಹಾದ ಬಣ್ಣ ಪಡೆಯುತ್ತದೆ, ಗೌರಾಮಿಗೆ ಅದು ತವರಿನ ನೀರು. ಚಾವಡಿಯ ಬಾಗಿಲು ಬಡಿಯುವುದು, ಪಕ್ಕದಲ್ಲಿ ಗ್ರೈಂಡರ್ ತಿರುಗುವುದು ಇವೆಲ್ಲವನ್ನೂ ಮೀನು ಮೈಯ ಪಕ್ಕದಲ್ಲಿರುವ, ಕಂಪನವನ್ನು ಅರಿಯುವ ಗೆರೆಯಿಂದಲೂ ಒಳಕಿವಿಯಿಂದಲೂ ಗ್ರಹಿಸುತ್ತದೆ ಎಂಬುದೂ ಗಮನದಲ್ಲಿರಲಿ. ಆರರಲ್ಲಿ ಗಂಡುಗಳು ಎಷ್ಟು ಎಂದೂ ನೋಡಿ: ಎದೆ ಕಿತ್ತಳೆ ಬಣ್ಣಕ್ಕೆ ತಿರುಗಿದ್ದು, ಬೆನ್ನಿನ ರೆಕ್ಕೆ ಉದ್ದವಾಗಿ ಚೂಪಾಗಿದ್ದರೆ ಅದು ಗಂಡು. ಮೂರು ನಾಲ್ಕು ಗಂಡುಗಳಿದ್ದರೆ ಹೆಣ್ಣುಗಳು ಅಡಗಿರುವುದು ಅವುಗಳ ಅಟ್ಟುವಿಕೆಗೆ ಹೆದರಿ; ಅದಕ್ಕೆ ಯಾವ ರಸ್ಬೋರಾವೂ ಮದ್ದಲ್ಲ, ಒಂದಿಬ್ಬರು ಗಂಡುಗಳನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ.

ನೀರಿನ ಬಗ್ಗೆ ಒಂದು ಮಾತು. ನಮ್ಮ ಬಾವಿಗಳಿಂದ ಆಗಷ್ಟೇ ಎತ್ತಿದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಅದರ ಪಿಎಚ್ (ಆಮ್ಲೀಯತೆಯ ಅಳತೆ) ನಿಜಕ್ಕಿಂತ ಕೆಳಗೆ ತೋರುತ್ತದೆ. ಬದಲಿಸುವ ನೀರನ್ನು ಒಂದು ರಾತ್ರಿ ಗಾಳಿಯಾಡಿಸಿ ಇಟ್ಟು ಬಳಕೆ ಮಾಡಿ. ಸುಣ್ಣದ ಅಂಶ ತೀರ ಕಡಿಮೆ ಇರುವ ನೀರಿನಲ್ಲಿ ಮೀನು ಹೆಚ್ಚಾದಂತೆ ಪಿಎಚ್ ಥಟ್ಟನೆ ಕುಸಿಯುವುದುಂಟು. ಫಿಲ್ಟರಿನೊಳಗೆ ಒಂದು ಹಿಡಿ ತೊಳೆದ ಮರುವಾಯಿ ಚಿಪ್ಪು ಇಟ್ಟರೆ ಅದು ತಪ್ಪುತ್ತದೆ.

ಆಹಾರ ಹಾಕುವಾಗ ಒಂದು ತುದಿಯಲ್ಲಿ ರಸ್ಬೋರಾಗಳಿಗೆ ಹಾಕಿ, ಅವು ಅತ್ತ ಮುತ್ತಿಕೊಂಡಾಗ ಇನ್ನೊಂದು ತುದಿಯಲ್ಲಿ ಗಿಡಗಳ ಬಳಿ ಗೌರಾಮಿಗಳಿಗೆ ಹಾಕಿ. ಲೋಚ್‌ಗಳು ರಾತ್ರಿಯ ಜೀವಿಗಳು, ರಸ್ಬೋರಾಗಳು ಬಂದ ಮಾತ್ರಕ್ಕೆ ನಡುಹಗಲಿನಲ್ಲಿ ಹೊರಬರುತ್ತವೆ ಎಂಬ ಆಸೆಯನ್ನು ನಿಮಗೆ ಕೊಡಲಾರೆ. ನಯವಾದ ಮರಳು, ಅದರ ಮೇಲೆ ಎಲೆಗಳ ಹಾಸು, ಇನ್ನೂ ನಾಲ್ಕೈದು ಜೊತೆಗಾರರು ಇದ್ದರೆ ಸಂಜೆಯ ಹೊತ್ತಿಗೆ ಮುಖ ತೋರಿಸಬಹುದು. ದೀಪ ಆರಿಸಿದ ಅರ್ಧ ಗಂಟೆಯ ಮೇಲೆ ಮುಳುಗುವ ಆಹಾರ ಹಾಕಿ, ಒಂದು ಮಂದ ಬೆಳಕಿನ ಟಾರ್ಚ್ ಹಿಡಿದು ಕುಳಿತರೆ ಎಂಟೂ ಮೀನುಗಳನ್ನು ಎಣಿಸಬಹುದು.

ಹೊಸ ಹಿಂಡು ಮೊದಲ ನಾಲ್ಕೈದು ದಿನ ತಾನೇ ಮೂಲೆ ಹಿಡಿದರೆ ಗಾಬರಿಯಾಗಬೇಡಿ. ಎರಡನೆಯ ಗುಂಪನ್ನೂ ಬಿಟ್ಟು ಮೂರು ವಾರ ಕಳೆದರೂ ಗೌರಾಮಿಗಳು ಮುಂದೆ ಬರದಿದ್ದರೆ, ನೀರಿನ ಉಷ್ಣತೆ, ಒಂದು ರಾತ್ರಿ ಗಾಳಿಯಾಡಿಸಿದ ನೀರಿನ ಪಿಎಚ್, ಗಂಡು ಹೆಣ್ಣುಗಳ ಸಂಖ್ಯೆ ಈ ಮೂರನ್ನು ಇಲ್ಲಿಯೇ ಬರೆಯಿರಿ, ಸೇರಿ ನೋಡೋಣ.