ಕೇಬಲ್ ಬಂತು, ಗಿರಾಕಿ ಬರಲಿಲ್ಲ: ಹಳ್ಳಿ ಇಂಟರ್ನೆಟ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಪಂಚಾಯಿತಿಗೆ ಫೈಬರ್ ಬಂದು ವರ್ಷ ದಾಟಿತು. ಟೀವಿ ಕೇಬಲ್ ಜೊತೆಗೆ ಇಂಟರ್ನೆಟ್ಟನ್ನೂ ನಾನೇ ಕೊಡುತ್ತಿದ್ದೇನೆ. ಸುತ್ತ 180 ಮನೆಗಳಿವೆ, ಹಾಕಿಸಿಕೊಂಡದ್ದು 14. ತಿಂಗಳಿಗೆ 449 ಇರುವುದನ್ನು 299ಕ್ಕೆ ಇಳಿಸಿದರೆ ಜನ ಬರುತ್ತಾರಾ?
— ಕೇಬಲ್ ಆಪರೇಟರ್, ಸಾಗರ ತಾಲೂಕು

ಉತ್ತರ: ಸದ್ಯಕ್ಕೆ ಇಳಿಸಬೇಡಿ. ಇಳಿಸಿದ ದರವನ್ನು ಮತ್ತೆ ಏರಿಸಲು ಹೋದರೆ ಇರುವ 14 ಮನೆಯವರೂ ಜಗಳಕ್ಕೆ ಬರುತ್ತಾರೆ. ಮೊದಲು ಹಾಕಿಸಿಕೊಳ್ಳದ ಒಂದು ಮೂವತ್ತು ಮನೆಗೆ ಹೋಗಿ ನಾಲ್ಕು ಸಂಗತಿ ಬರೆದುಕೊಳ್ಳಿ: ಮನೆಯಲ್ಲಿ ಎಷ್ಟು ಫೋನ್, ರೀಚಾರ್ಜಿಗೆ ಎಷ್ಟು ಹೋಗುತ್ತದೆ, ಓದುವವರು ಅಥವಾ ಊರು ಬಿಟ್ಟು ದುಡಿಯುವವರು ಯಾರಿದ್ದಾರೆ, ಕೈಗೆ ದುಡ್ಡು ಬರುವುದು ಯಾವ ತಿಂಗಳು.

ಎರಡನೆಯದರಲ್ಲೇ ನಿಮ್ಮ ವ್ಯಾಪಾರ ಅಡಗಿದೆ. ನಾಲ್ಕು ಫೋನಿನ ಮನೆಯಲ್ಲಿ ತಲಾ ಸುಮಾರು 300ರ ಪ್ಯಾಕ್ ಎಂದರೆ 28 ದಿನಕ್ಕೆ 1,200 ರೂ. ಅದೂ ವರ್ಷಕ್ಕೆ 12 ಸಲ ಅಲ್ಲ, 13 ಸಲ. ದೂರಸಂಪರ್ಕ ನಿಯಂತ್ರಕ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಹೊರಡಿಸಿದ ನಿಯಮದ ನಂತರ ಡೇಟಾ ಇಲ್ಲದ, ಬರೀ ಕರೆ-ಎಸ್ಸೆಮ್ಮೆಸ್ ಪ್ಯಾಕ್‌ಗಳು ಬಂದಿವೆ. 84 ದಿನದ್ದಕ್ಕೆ ಸುಮಾರು 450ರಿಂದ 500 ರೂ. ಮನೆಯಲ್ಲೇ ಇರುವ ಇಬ್ಬರ ಫೋನನ್ನು ಇದಕ್ಕೆ ಬದಲಿಸಿದರೆ 28 ದಿನಕ್ಕೆ 280 ರೂಪಾಯಿಯಷ್ಟು ಉಳಿಯುತ್ತದೆ. ನಿಮ್ಮ 449ಕ್ಕೆ ಶೇ. 18 ಜಿಎಸ್‌ಟಿ ಸೇರಿ 530. ಅಂದರೆ ಆ ಮನೆಗೆ ಹೊಸದಾಗಿ ಬೀಳುವ ಹೊರೆ ಹೆಚ್ಚುಕಡಿಮೆ 250. ಈ ಲೆಕ್ಕವನ್ನು ಪಾಂಪ್ಲೆಟ್‌ನಲ್ಲಿ ಅಚ್ಚು ಹಾಕಿಸಬೇಡಿ. ಅವರ ಜಗಲಿಯಲ್ಲಿ ಕೂತು, ಅವರದೇ ಫೋನ್ ನೋಡಿ, ಹಾಳೆಯ ಮೇಲೆ ಬರೆದು ತೋರಿಸಿ. 449 ಎಂದು ಹೇಳಿ 530 ವಸೂಲಿ ಮಾಡುವ ಅಭ್ಯಾಸವಿದ್ದರೆ ಇವತ್ತೇ ಬಿಡಿ, ಮೊದಲ ದಿನವೇ 530 ಎನ್ನಿ.

ಬಹಳ ಮನೆಗಳು ಹಿಂದೆ ಸರಿಯುವುದು ಮಾಸಿಕ ಶುಲ್ಕಕ್ಕೆ ಅಲ್ಲ, ಮೊದಲ ದಿನ ಕೇಳುವ ಎರಡು-ಎರಡೂವರೆ ಸಾವಿರಕ್ಕೆ. ಮೋಡೆಮ್ಮನ್ನು ಮಾರಬೇಡಿ. ನಿಮ್ಮ ಹೆಸರಲ್ಲೇ ಇಟ್ಟುಕೊಂಡು 500 ರೂ. ಠೇವಣಿಗೆ ಕೊಡಿ, ಬಿಟ್ಟರೆ ವಾಪಸ್ ತೆಗೆದುಕೊಳ್ಳಿ. ಅಡಿಕೆ ಮನೆಗಳಿಗೆ ಕೊಯ್ಲು ಮುಗಿದು ಮಂಡಿಯಿಂದ ದುಡ್ಡು ಬರುವ ಹೊತ್ತಿನಲ್ಲಿ, 10 ತಿಂಗಳ ಹಣಕ್ಕೆ 12 ತಿಂಗಳು ಎಂದು ಕೇಳಿ. ಅದೇ ಮಾತನ್ನು ಆಗಸ್ಟ್‌ನಲ್ಲಿ ಕೇಳಿದರೆ ‘ನೋಡೋಣ’ ಎಂಬ ಉತ್ತರ ಸಿಗುತ್ತದೆ. ಹಾಲು ಹಾಕುವ ಮನೆಗಳಿಗೆ ಡೇರಿ ಬಟವಾಡೆಯ ಮರುದಿನವೇ ಪಾವತಿ ದಿನವಾಗಲಿ.

ಇನ್ನು ಬಳಕೆ. ‘ಹೈ ಸ್ಪೀಡ್ ಇಂಟರ್ನೆಟ್’ ಎಂದರೆ ಹಳ್ಳಿಮನೆಗೆ ಏನೂ ಕಾಣುವುದಿಲ್ಲ. ಕೇರಳದ ಮಲಪ್ಪುರಂನಲ್ಲಿ 2002ರಲ್ಲಿ ಶುರುವಾದ ‘ಅಕ್ಷಯ’ ಯೋಜನೆ ಕೇಂದ್ರಗಳನ್ನು ತೆರೆದು ಮನೆಗೊಬ್ಬರಿಗೆ ಕಂಪ್ಯೂಟರ್ ಕಲಿಸಿತು. ಅದೇ ಕೇಂದ್ರಗಳು ಆಮೇಲೆ ಅರ್ಜಿ, ಬಿಲ್ ಕೆಲಸಗಳಿಗೆ ಜನ ಬರುವ ಜಾಗವಾದವು. ನಿಮಗೂ ಅದೇ ದಾರಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಒಂದು ಸಂಪರ್ಕ ಹಾಕಿ, ಶನಿವಾರ ಎರಡು ಗಂಟೆ ಒಂದೇ ಕೆಲಸ ಕಲಿಸಿ: ಒಂದು ವಾರ ಪಹಣಿ ತೆಗೆಯುವುದು, ಇನ್ನೊಂದು ವಾರ ಸೇವಾ ಸಿಂಧು ಅರ್ಜಿ, ಮತ್ತೊಂದು ವಾರ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಗೃಹಲಕ್ಷ್ಮಿ ಹಣ ಜಮೆ ಆಯಿತಾ ಎಂದು ನೋಡುವುದು. ಗಂಡಸರನ್ನಷ್ಟೇ ಕರೆದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಸ್ವಸಹಾಯ ಸಂಘದ ಸಭೆಯ ದಿನ ನೋಡಿಕೊಂಡು ಹೋಗಿ.

ಇಷ್ಟೆಲ್ಲ ಮಾಡಿ ರಾತ್ರಿ ಎಂಟು ಗಂಟೆಗೆ ವಿಡಿಯೋ ಸುತ್ತುತ್ತಾ ಕೂತರೆ ವ್ಯರ್ಥ. ಆ ಹೊತ್ತಿಗೆ ಮನೆಗೆ ಸರಾಸರಿ 2ರಿಂದ 3 ಎಂಬಿಪಿಎಸ್ ವೇಗ ಇಟ್ಟುಕೊಳ್ಳಿ. 50 ಮನೆಗೆ 100ರಿಂದ 150 ಬೇಕು. 50 ಎಂಬಿಪಿಎಸ್ ಮೇಲಿನ ಕಂಪನಿಯಿಂದ ತಂದು 50 ಮನೆಗೆ ಹಂಚಿದರೆ ಹೊಸ ಗಿರಾಕಿ ಬರುವ ಮೊದಲು ಹಳೆಯವರೇ ಹೋಗುತ್ತಾರೆ.

ಪ್ರಶ್ನೆ: ಮೊಬೈಲಿನಲ್ಲೇ ದಿನಕ್ಕೆ 2 ಜಿಬಿ ಸಿಗುತ್ತದೆ. ಮನೆಗೆ ಬೇರೆ ಸಂಪರ್ಕ ಏಕೆ?
— ನಿವೃತ್ತ ಶಿಕ್ಷಕರು, ಹಾಸನ ಜಿಲ್ಲೆ

ಉತ್ತರ: ನೀವಿಬ್ಬರೇ ಇದ್ದು, ಒಳಕೋಣೆಯಲ್ಲೂ ಸಿಗ್ನಲ್ ಸಿಗುತ್ತಿದ್ದರೆ ಬೇಡ, ದುಡ್ಡು ಉಳಿಸಿ. ಟೀವಿಯಲ್ಲಿ ಎಚ್‌ಡಿ ವಿಡಿಯೋ ಒಂದು ಗಂಟೆ ಓಡಿದರೆ ಒಂದು ಜಿಬಿಗೂ ಹೆಚ್ಚು ಖರ್ಚಾಗಬಹುದು. ಮೊಮ್ಮಕ್ಕಳು ರಜೆಗೆ ಬಂದು ‘ಡೇಟಾ ಖಾಲಿ’ ಎಂದಾಗ ಮತ್ತೆ ಯೋಚಿಸಿ.

ಪ್ರಶ್ನೆ: ನನ್ನ ಅಂಗಡಿಯಲ್ಲಿ ಪಿಎಂ-ವಾಣಿ ವೈಫೈ ಇಡಬೇಕೆಂದಿದ್ದೇನೆ. ಲೈಸೆನ್ಸ್ ಬೇಕಾ? ಲಾಭ ಉಂಟಾ?
— ಕಿರಾಣಿ ವ್ಯಾಪಾರಿ, ಕೊಪ್ಪಳ

ಉತ್ತರ: ಲೈಸೆನ್ಸ್ ಬೇಡ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಈ ಸಾರ್ವಜನಿಕ ವೈಫೈ ಯೋಜನೆಯಲ್ಲಿ ನೀವು ‘ಪಿಡಿಒ’. ಪಂಚಾಯಿತಿ ಪಿಡಿಒ ಅಲ್ಲ, ಪಬ್ಲಿಕ್ ಡೇಟಾ ಆಫೀಸ್! ಇದಕ್ಕೆ ಲೈಸೆನ್ಸೂ ಇಲ್ಲ, ನೋಂದಣಿಯೂ ಇಲ್ಲ. ದೂರಸಂಪರ್ಕ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಅಗ್ರಿಗೇಟರ್ (ಇಂಥ ಹಲವು ಅಂಗಡಿಗಳ ವೈಫೈ ಮತ್ತು ಲೆಕ್ಕ ನೋಡಿಕೊಳ್ಳುವವರು) ಒಬ್ಬರ ಜೊತೆ ಒಪ್ಪಂದ, ಪಿಎಂ-ವಾಣಿಗೆ ಹೊಂದುವ ವೈಫೈ ಪೆಟ್ಟಿಗೆ, ಒಂದು ಫೈಬರ್ ಸಂಪರ್ಕ ಇದ್ದರೆ ಸಾಕು. ಮೊದಲು ಇಂಟರ್ನೆಟ್ ಕಂಪನಿಗಳು ದುಬಾರಿ ಲೀಸ್ಡ್ ಲೈನ್ (ಒಬ್ಬರಿಗೇ ಮೀಸಲಾದ ಸಂಪರ್ಕ) ತೆಗೆದುಕೊಳ್ಳಿ ಎನ್ನುತ್ತಿದ್ದವು. 2025ರ ಜೂನ್‌ನಲ್ಲಿ ಟ್ರಾಯ್ ಅದಕ್ಕೆ ಮಿತಿ ಹಾಕಿದೆ: 200 ಎಂಬಿಪಿಎಸ್ ವರೆಗಿನ ಫೈಬರ್ ಸಂಪರ್ಕಕ್ಕೆ ಮನೆ ದರದ ಎರಡು ಪಟ್ಟಿಗಿಂತ ಹೆಚ್ಚು ಕೇಳುವಂತಿಲ್ಲ.

ಲಾಭದ ಲೆಕ್ಕ ನೀವೇ ಹಾಕಿ ನೋಡಿ. ಮೊದಲ ಪ್ರಶ್ನೆಯ 449ರ ಮನೆ ದರವನ್ನೇ ಹಿಡಿದರೆ, ಅದರ ಎರಡು ಪಟ್ಟು ಜಿಎಸ್‌ಟಿ ಸೇರಿ 1,060. ಹತ್ತು ರೂಪಾಯಿ ವೋಚರಿನಲ್ಲಿ ಅಗ್ರಿಗೇಟರ್ ಪಾಲು ಕಳೆದು ನಿಮಗೆ 7 ಉಳಿದರೆ, ಅಸಲಿಗೇ ತಿಂಗಳಿಗೆ ಸುಮಾರು 150 ವೋಚರ್ ಮಾರಬೇಕು, ದಿನಕ್ಕೆ ಐದು. ಬಸ್‌ಸ್ಟ್ಯಾಂಡ್, ಆಸ್ಪತ್ರೆ, ಕಾಲೇಜು ಹತ್ತಿರ, ಜನ ಕಾಯುವ ಜಾಗವಾದರೆ ಹೌದು. ಐದು ನಿಮಿಷಕ್ಕೆ ಸಕ್ಕರೆ ಕಟ್ಟಿಸಿಕೊಂಡು ಹೋಗುವ ಅಂಗಡಿಯಲ್ಲಿ ಕಷ್ಟ. ಮನೆಯ ವೈಫೈ ಪಾಸ್‌ವರ್ಡನ್ನೇ ಹತ್ತು ರೂಪಾಯಿಗೆ ಹಂಚುವ ಯೋಚನೆ ಮಾತ್ರ ಬೇಡ. ಪಿಎಂ-ವಾಣಿ ಆ್ಯಪ್‌ನಲ್ಲಿ ಬಳಕೆದಾರರ ಗುರುತು ಇರುತ್ತದೆ, ನಿಮ್ಮ ಪಾಸ್‌ವರ್ಡಿನಲ್ಲಿ ಇರುವುದಿಲ್ಲ. ಏನಾದರೂ ಆದರೆ ಪೊಲೀಸರು ಮೊದಲು ಬರುವುದು ಸಂಪರ್ಕ ಯಾರ ಹೆಸರಲ್ಲಿದೆಯೋ ಅವರ ಬಾಗಿಲಿಗೆ.

ಪ್ರಶ್ನೆ: ಮಳೆಗಾಲದಲ್ಲಿ ಮೋಡೆಮ್ಮಿನ ‘ಲಾಸ್’ ದೀಪ ಕೆಂಪಾಗಿಯೇ ಇರುತ್ತದೆ. ಕರೆಂಟ್ ಹೋದರಂತೂ ಮುಗಿಯಿತು. ಬಿಡಿಸಿಬಿಡಲಾ?
— ಗೃಹಿಣಿ, ಶೃಂಗೇರಿ ತಾಲೂಕು

ಉತ್ತರ: ಕೆಂಪು ದೀಪ ಎಂದರೆ ಬೆಳಕು ನಿಮ್ಮ ಮನೆವರೆಗೆ ತಲುಪುತ್ತಿಲ್ಲ ಎಂದರ್ಥ. ಮೋಡೆಮ್ ಹತ್ತು ಸಲ ಆಫ್-ಆನ್ ಮಾಡಿ ಪ್ರಯೋಜನವಿಲ್ಲ. ಕೊಂಬೆ ಬಿದ್ದಿರಬಹುದು, ಅಳಿಲು ಕಡಿದಿರಬಹುದು, ಕಪಾಟಿನ ಹಿಂದೆ ತಂತಿ ಚೂಪಾಗಿ ಮಡಚಿರಬಹುದು. ಮಡಿಕೆಯಷ್ಟನ್ನು ನೀವೇ ಬಿಡಿಸಿ, ಸುತ್ತು ಬಳೆಗಿಂತ ಚಿಕ್ಕದಾಗದಿರಲಿ. ಉಳಿದದ್ದಕ್ಕೆ ಆಪರೇಟರನ್ನು ಕರೆಸಿ ಪವರ್ ಮೀಟರ್ ಹಿಡಿಸಿ. ಮೈನಸ್ 18ರಿಂದ ಮೈನಸ್ 24 ಡಿಬಿಎಂ (ಬೆಳಕಿನ ಬಲದ ಅಳತೆ) ಇದ್ದರೆ ಒಳ್ಳೆಯದು. ಮೈನಸ್ 27 ದಾಟಿದರೆ ಆಗಾಗ ಕಡಿಯುತ್ತದೆ. ಆ ಅಂಕಿಯನ್ನು ತಾರೀಖಿನ ಸಮೇತ ಮೋಡೆಮ್ಮಿನ ಬೆನ್ನಿಗೆ ಅಂಟಿಸಲು ಹೇಳಿ. ಮುಂದಿನ ಸಲ 3 ಡಿಬಿ ಕಡಿಮೆ ಬಂದರೆ, ಅಂದರೆ ಮೈನಸ್ 21 ಇದ್ದದ್ದು ಮೈನಸ್ 24 ಆದರೆ, ಬೆಳಕು ಅರ್ಧಕ್ಕೆ ಇಳಿದಿದೆ ಎಂದು ಗೊತ್ತಾಗುತ್ತದೆ. ಹಸಿರು ತಲೆಯ ಕನೆಕ್ಟರಿಗೆ ನೀಲಿ ತಲೆಯದನ್ನು ಸೇರಿಸಿದ್ದಾರಾ ಎಂದೂ ನೋಡಿ. ಒಂದರ ತುದಿ ಓರೆ, ಇನ್ನೊಂದರದು ನೇರ, ಎರಡೂ ಸರಿಯಾಗಿ ಕೂರುವುದಿಲ್ಲ.

ಕರೆಂಟಿಗೆ 12 ವೋಲ್ಟಿನ ರೌಟರ್ ಯುಪಿಎಸ್ ಸಿಗುತ್ತದೆ. 8,000 ಎಂಎಎಚ್ ಬ್ಯಾಟರಿಯದಾದರೆ ಮೂರು ಗಂಟೆ ತಳ್ಳುತ್ತದೆ. ತರುವ ಮೊದಲು ಆಪರೇಟರನ್ನು ಒಂದು ಮಾತು ಕೇಳಿ: ಅವರ ಕಡೆಯ ಪೆಟ್ಟಿಗೆಗೆ ಬ್ಯಾಟರಿ ಇದೆಯಾ? ಅಲ್ಲಿ ಇಲ್ಲದಿದ್ದರೆ ನಿಮ್ಮ ಯುಪಿಎಸ್ ಬರೀ ದೀಪ ಉರಿಸುತ್ತದೆ.