ಕೊಟ್ಟ ಪಾಸ್ ಅರ್ಧಕ್ಕೇ ನಿಂತಾಗ

ಪ್ರಶ್ನೆ: ಸರ್, ನಾನು ಪಿಯುಸಿ ಹುಡುಗ. ಕಾಲೇಜು ಫುಟ್‌ಬಾಲ್ ತಂಡದಲ್ಲಿ ಫಾರ್ವರ್ಡ್ ಆಡುತ್ತಿದ್ದೆ. ಈ ವರ್ಷ ಕೋಚ್ ಡಿಫೆನ್ಸ್‌ಗೆ ಹಾಕಿದ್ದಾರೆ. ಹೋದ ವಾರ ಮಳೆ ಬಂದ ಮೈದಾನದಲ್ಲಿ ನಾನು ಗೋಲ್‌ಕೀಪರ್‌ಗೆ ಕೊಟ್ಟ ಪಾಸ್ ಅರ್ಧಕ್ಕೇ ನಿಂತು ಗೋಲಾಯಿತು. ಎಲ್ಲರೂ ಬೈದರು. ಹಿಂದೆ ನಿಂತು ಆಡಿ ಹೆಸರು ಮಾಡಿದವರು ಇದ್ದಾರಾ? ಆಟ ಬಿಟ್ಟುಬಿಡಲಾ?
— ಒಬ್ಬ ಓದುಗ, ಸಿಂಧನೂರು

ಉತ್ತರ: ಬಿಡಬೇಡ ತಮ್ಮಾ. ನಾನೂ ಬಳ್ಳಾರಿಯಲ್ಲಿ ಹದಿನೈದು ವರ್ಷ ಸ್ಟಾಪರ್, ಅಂದರೆ ನಡುವೆ ನಿಲ್ಲುವ ಡಿಫೆಂಡರ್ ಆಗಿ ಆಡಿದವನು. ನಿನ್ನ ಸಂಕಟ ನನಗೆ ಗೊತ್ತು.

ಸ್ಕಾಟ್ಲೆಂಡಿನ ವಿಲ್ಲಿ ಮಿಲ್ಲರ್ ಹೆಸರು ಕೇಳಿದ್ದೀಯಾ? ಅಬರ್ಡೀನ್ ಕ್ಲಬ್‌ಗೆ ಬಂದಾಗ ಅವರೂ ಫಾರ್ವರ್ಡೇ. ಆಮೇಲೆ ಹಿಂದಕ್ಕೆ ನಿಲ್ಲಿಸಿದರು. 1973ರಲ್ಲಿ ಮೊದಲ ತಂಡಕ್ಕೆ ಬಂದವರು 1990ರವರೆಗೂ ಅದೇ ಕ್ಲಬ್‌ನಲ್ಲಿದ್ದರು. ಹತ್ತಿರ ಹತ್ತಿರ 800 ಪಂದ್ಯ! ದೇಶಕ್ಕೆ 65 ಪಂದ್ಯ ಆಡಿದರು, ಹೊಡೆದದ್ದು ಒಂದೇ ಗೋಲು. ಆದರೂ ಅಬರ್ಡೀನ್‌ನವರು ತಮ್ಮ ದೊಡ್ಡ ಆಟಗಾರ ಯಾರು ಅಂದರೆ ಅವರ ಹೆಸರನ್ನೇ ಹೇಳುತ್ತಾರೆ.

ನಿನಗೆ ನಾನು ಹೇಳಲೇಬೇಕಾದದ್ದು 1983ರ ಮೇ 11ರ ಪಂದ್ಯ. ಸ್ವೀಡನ್‌ನ ಗೋಥೆನ್‌ಬರ್ಗ್‌ನಲ್ಲಿ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುರೋಪಿಯನ್ ಕಪ್ ವಿನ್ನರ್ಸ್ ಕಪ್ ಫೈನಲ್. ಎದುರಿಗೆ ಸ್ಪೇನ್‌ನ ದೊಡ್ಡ ಕ್ಲಬ್ ರಿಯಲ್ ಮ್ಯಾಡ್ರಿಡ್. ಅಬರ್ಡೀನ್‌ಗೆ ಆಗ ಅಲೆಕ್ಸ್ ಫರ್ಗುಸನ್ ಮ್ಯಾನೇಜರ್, ಮಿಲ್ಲರ್ ಕ್ಯಾಪ್ಟನ್. ಸುರಿಯುವ ಮಳೆ. ಎರಿಕ್ ಬ್ಲ್ಯಾಕ್ ಬೇಗನೇ ಗೋಲು ಹೊಡೆದರು. ಸ್ವಲ್ಪ ಹೊತ್ತಿಗೆ ಮಿಲ್ಲರ್ ಪಕ್ಕದಲ್ಲಿ ಆಡುತ್ತಿದ್ದ ಅಲೆಕ್ಸ್ ಮೆಕ್‌ಲೀಶ್ ಕೀಪರ್‌ಗೆ ಕೊಟ್ಟ ಪಾಸ್ ನೀರಲ್ಲಿ ಸಿಕ್ಕಿ ನಿಂತೇಹೋಯಿತು. ನಿನ್ನದೇ ಪಾಸ್, ಅಲ್ವಾ? ಕೀಪರ್ ಎದುರಾಳಿಯನ್ನು ಬೀಳಿಸಿದರು. ಪೆನಾಲ್ಟಿ. 1-1.

ಆಮೇಲೆ ಆ ಜೋಡಿ ಹೆಚ್ಚುವರಿ ಸಮಯದ ಕೊನೆಯವರೆಗೂ ಮ್ಯಾಡ್ರಿಡ್‌ಗೆ ಇನ್ನೊಂದು ಗೋಲು ಬಿಟ್ಟುಕೊಡಲಿಲ್ಲ. 112ನೇ ನಿಮಿಷದಲ್ಲಿ ಬದಲಿ ಆಟಗಾರ ಜಾನ್ ಹೆವಿಟ್ ತಲೆಯಿಂದ ಗೋಲು ಹೊಡೆದರು. ಕಪ್ ಎತ್ತಿದ್ದು ಮಿಲ್ಲರ್. ತಪ್ಪು ಮಾಡಿದ ಮೆಕ್‌ಲೀಶ್ ಮುಂದೆ ದೇಶಕ್ಕೆ 77 ಪಂದ್ಯ ಮುಟ್ಟಿಸಿದರು.

ಈಗ ನಿನ್ನ ಮೈದಾನದ ಮಾತು. ನಿಮ್ಮ ಕಡೆ ಎರೆ ಭೂಮಿ. ಒಣಗಿದಾಗ ಚೆಂಡು ಕಲ್ಲಿನ ಮೇಲೆ ಬಿದ್ದ ಹಾಗೆ ಪುಟಿಯುತ್ತದೆ. ಒಂದು ಮಳೆ ಬಿದ್ದರೆ ಸಾಕು, ಜಿಗುಟು ಮಣ್ಣು ಚೆಂಡನ್ನು ಹಿಡಿದುಕೊಳ್ಳುತ್ತದೆ. ಬೂಟಿನ ತಳಕ್ಕೆ ರೊಟ್ಟಿಯಷ್ಟು ದಪ್ಪ ಮೆತ್ತಿ ಕಾಲೇ ಭಾರ. ನಾನು ಪಂದ್ಯಕ್ಕೆ ಅರ್ಧ ಗಂಟೆ ಮೊದಲೇ ಹೋಗಿ ನಮ್ಮ ಗೋಲಿನ ಮುಂದೆ ಹತ್ತಾರು ಸಲ ಚೆಂಡು ಉರುಳಿಸಿ ನೋಡುತ್ತಿದ್ದೆ. ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಅಂತ. ಹಾಫ್ ಟೈಮ್‌ಗೆ ಕಡೆ ಬದಲಾಗುತ್ತದಲ್ಲ, ಆ ಬಿಡುವಿನಲ್ಲಿ ಆ ಕಡೆಯ ಗೋಲಿನ ಹತ್ತಿರವೂ ಅಷ್ಟೇ. ನೀನೂ ಹಾಗೆ ಮಾಡು. ಹಸಿ ನೆಲದಲ್ಲಿ ಕೀಪರ್‌ಗೆ ಮೆಲ್ಲಗೆ ಪಾಸ್ ಕೊಡಲೇಬೇಡ. ಬೇರೆ ದಾರಿ ಕಾಣದಿದ್ದರೆ ಪಕ್ಕದ ಗೆರೆಯಾಚೆ ಒದ್ದುಬಿಡು. ಥ್ರೋ ಅವರಿಗೆ ಹೋದರೆ ಹೋಗಲಿ, ಅಷ್ಟರಲ್ಲಿ ನಿನ್ನವರು ವಾಪಸ್ ಬಂದು ನಿಂತಿರುತ್ತಾರೆ.