ಎಚ್‌ಡಿ2 ಬಾಡಿಗೆಗೆ ಹಿಡಿಯುವ ಮೊದಲು ಕರಾರಿನಲ್ಲಿ ಬಿಟ್ ರೇಟ್ ಬರೆಯಿಸಿ

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ 2015ರ ನಮ್ಮ ಮನೆಯ ಊಟದ ಮೇಜು ಕಣ್ಣ ಮುಂದೆ ಬಂದಿತು. ನಿಮ್ಮ ನಗರದ ಎಫ್‌ಎಂ ಕೇಂದ್ರವೊಂದು ತನ್ನ ಎಚ್‌ಡಿ2 ಅನ್ನು, ಅಂದರೆ ಮುಖ್ಯ ಕಾರ್ಯಕ್ರಮದ ಜೊತೆಗೆ ಡಿಜಿಟಲ್ ಆಗಿ ಹೋಗುವ ಉಪವಾಹಿನಿಯನ್ನು, ಬಾಡಿಗೆಗೆ ಕೊಡಲು ಒಪ್ಪಿದೆ. ಅದರಲ್ಲಿ ದಿನವಿಡೀ ಕನ್ನಡ ಹಾಡು ಹಾಕಬೇಕೋ, ಹಿಂದಿ ತೆಲುಗು ಬೆರೆಸಬೇಕೋ, ಹಳೆಯ ಚಿತ್ರಗೀತೆಗಳಿಗೆ ಮೀಸಲಿಡಬೇಕೋ ಎಂದು ಕೇಳಿದ್ದೀರಿ. ವಾಷಿಂಗ್ಟನ್ ಡಿ.ಸಿ.ಯ ಹೊರವಲಯದಲ್ಲಿ ನಾವು ಐದು ಮನೆಯವರು ಸೇರಿ ಇದೇ ಪ್ರಶ್ನೆಯ ಮೇಲೆ ಮೂರು ತಿಂಗಳು ವಾದ ಮಾಡಿದೆವು. ಅಷ್ಟು ವಾದ ಮಾಡಿದವರು ಕರಾರಿನಲ್ಲಿ ಸೇರಿಸಬೇಕಾಗಿದ್ದ ಒಂದೇ ಒಂದು ಸಾಲನ್ನು ಸೇರಿಸಲಿಲ್ಲ, ಅದರಿಂದ ಕೈಯಲ್ಲಿದ್ದ ಹಣವನ್ನೂ ಕಟ್ಟಿಕೊಂಡಿದ್ದ ಕೇಳುಗರನ್ನೂ ಕಳೆದುಕೊಂಡೆವು.

ನಮ್ಮ ಆಸೆ ಸರಳವಾಗಿತ್ತು. ಬೆಂಗಳೂರಿನಲ್ಲಿ ಆಕಾಶವಾಣಿಯ ಅಮೃತವರ್ಷಿಣಿಯನ್ನು 100.1ರಲ್ಲಿ ಬೆಳಗಿನಿಂದ ಹಾಕಿಟ್ಟುಕೊಂಡು ಕೇಳುತ್ತಿದ್ದವನು ನಾನು. ಅಂಥದ್ದೇ ಶಾಸ್ತ್ರೀಯ ಸಂಗೀತದ ಜೊತೆಗೆ ಭಾವಗೀತೆ, ನಡುನಡುವೆ ಹಳೆಯ ಚಿತ್ರಗೀತೆಯೂ ಇರುವ ವಾಹಿನಿಯೊಂದು ಇಲ್ಲಿ ಇರಬೇಕೆಂದು ಬಯಸಿದೆವು. ಅಮೆರಿಕದಲ್ಲಿ ಪ್ರಸಾರವನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಎಫ್‌ಸಿಸಿ 2002ರಲ್ಲಿ ಎಚ್‌ಡಿ ರೇಡಿಯೊಗೆ ಒಪ್ಪಿಗೆ ಕೊಟ್ಟ ಮೇಲೆ, ಹಲವು ಎಫ್‌ಎಂ ಕೇಂದ್ರಗಳು ತಮ್ಮ ಹಳೆಯ ಅನಲಾಗ್ ಅಲೆಯ ಎರಡು ಅಂಚುಗಳಲ್ಲಿ ಡಿಜಿಟಲ್ ಸಂಕೇತವನ್ನೂ ಕಳಿಸುತ್ತವೆ. ಅದರಲ್ಲಿ ಮುಖ್ಯ ಕಾರ್ಯಕ್ರಮ ಎಚ್‌ಡಿ1, ಉಳಿದ ಜಾಗದಲ್ಲಿ ಎಚ್‌ಡಿ2, ಎಚ್‌ಡಿ3 ಎಂದು ಪಕ್ಕದ ವಾಹಿನಿಗಳು. ಪಕ್ಕದ ವಾಹಿನಿಗೆ ಬೇರೆ ಪರವಾನಗಿ ಬೇಕಿಲ್ಲ, ಅದು ಕೇಂದ್ರದ ಪರವಾನಗಿಯ ಜೊತೆಗೇ ಬರುತ್ತದೆ. ಹೀಗಾಗಿ ಅದನ್ನು ಏನು ಮಾಡುವುದೆಂದು ತೋಚದ ಮಾಲೀಕರು ನಮ್ಮಂಥವರಿಗೆ ಬಾಡಿಗೆಗೆ ಕೊಡುತ್ತಾರೆ.

ನಮ್ಮ ಗುಂಪಿನ ಹಿರಿಯರೊಬ್ಬರು ಆಗಲೇ ಎಚ್ಚರಿಕೆ ಕೊಟ್ಟಿದ್ದರು. ಅವರು ಹಿಂದೆ ನ್ಯೂಜೆರ್ಸಿಯಲ್ಲಿದ್ದಾಗ, ಎಫ್‌ಎಂ ಅಲೆಯೊಳಗೆ ಮಾಮೂಲಿ ರೇಡಿಯೊಗೆ ಕೇಳಿಸದಂತೆ 67 ಮತ್ತು 92 ಕಿಲೋಹರ್ಟ್ಸ್ ಉಪವಾಹಕಗಳ ಮೇಲೆ ಅಡಗಿ ಬರುವ ಭಾಷಾ ಪ್ರಸಾರಗಳನ್ನು ಕೇಳಲು ವಿಶೇಷ ರೇಡಿಯೊ ಪೆಟ್ಟಿಗೆಯನ್ನೇ ಕೊಳ್ಳಬೇಕಾಗಿತ್ತು. ಆ ಪೆಟ್ಟಿಗೆ ಅವರ ಬೇಸ್‌ಮೆಂಟಿನಲ್ಲಿ ಇನ್ನೂ ಇತ್ತು. ಅದನ್ನು ತಂದು ಮೇಜಿನ ಮೇಲಿಟ್ಟು, "ಬೇರೆ ಪೆಟ್ಟಿಗೆ ಬೇಕು ಅಂದ ಕೂಡಲೇ ಅರ್ಧ ಜನ ಬಿಟ್ಟುಹೋಗ್ತಾರೆ ಕಣ್ರಪ್ಪಾ" ಎಂದರು. ಅವರ ಮಾತನ್ನು ನಾವು ಗೌರವದಿಂದ ಕೇಳಿದೆವು, ಆದರೆ ಪಾಲಿಸಲಿಲ್ಲ. ನಮ್ಮ ಐದು ಮನೆಗಳ ಒಂಬತ್ತು ಕಾರುಗಳಲ್ಲಿ ಎಚ್‌ಡಿ ರೇಡಿಯೊ ಇದ್ದದ್ದು ಮೂರರಲ್ಲಿ ಮಾತ್ರ. ಆ ಲೆಕ್ಕವೇ ನಮಗೆ ಸಾಕಾಗಬೇಕಿತ್ತು.

ಕೇಂದ್ರದವರು ಪರೀಕ್ಷೆಗೆಂದು ಒಂದು ಶನಿವಾರ ಎರಡು ಗಂಟೆ ನಮ್ಮ ಧ್ವನಿಯನ್ನು ಪ್ರಸಾರ ಮಾಡಿದರು. ನಾನು ಕಾರಿನಲ್ಲಿ ನಗರದ ವರ್ತುಲ ಹೆದ್ದಾರಿಯಾದ ಬೆಲ್ಟ್‌ವೇ ಮೇಲೆ ಒಂದು ಸುತ್ತು ಹಾಕಿದೆ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಎಷ್ಟು ಸ್ವಚ್ಛವಾಗಿ ಬಂತೆಂದರೆ, ಮೀಟಿದ ಮೇಲೆ ತಂತಿಯ ನಾದ ನಿಧಾನವಾಗಿ ಕರಗುವುದು ಕೂಡ ಕೇಳಿಸುತ್ತಿತ್ತು. ಮರುವಾರವೇ ಮೂರು ವರ್ಷದ ಕರಾರಿಗೆ ಸಹಿ ಹಾಕಿದೆವು.

ತಪ್ಪಾದದ್ದು ಇಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಕೂಡ ಇದೇ ಜಾಗದಲ್ಲಿ ನಿಂತಿದ್ದೀರಿ. ಅನಲಾಗ್, ಡಿಜಿಟಲ್ ಎರಡನ್ನೂ ಜೊತೆಗೆ ಕಳಿಸುವ ಸಾಮಾನ್ಯ ಹೈಬ್ರಿಡ್ ವಿಧಾನದಲ್ಲಿ ಒಂದು ಎಫ್‌ಎಂ ಕೇಂದ್ರಕ್ಕೆ ಸಿಗುವ ಡಿಜಿಟಲ್ ಜಾಗ, ಅಂದರೆ ಬಿಟ್ ರೇಟ್, ಸೆಕೆಂಡಿಗೆ ಒಟ್ಟು ಸುಮಾರು 96 ಕಿಲೋಬಿಟ್. ಅಂಚುಗಳನ್ನು ಇನ್ನಷ್ಟು ಒಳಕ್ಕೆ ಚಾಚಿದರೆ ಒಂದಿಷ್ಟು ಹೆಚ್ಚು ಸಿಗುತ್ತದೆ, ಅಷ್ಟೆ. ಈ 96ನ್ನು ಎಲ್ಲ ವಾಹಿನಿಗಳೂ ಹಂಚಿಕೊಳ್ಳಬೇಕು. ನಾವು ಸಹಿ ಹಾಕಿದಾಗ ಆ ಕೇಂದ್ರದಲ್ಲಿ ಎರಡೇ ವಾಹಿನಿಗಳಿದ್ದವು. ಎಚ್‌ಡಿ1ಕ್ಕೆ 48, ನಮಗೆ 48. ಕರಾರಿನಲ್ಲಿ ಬಾಡಿಗೆ ಎಷ್ಟು, ಯಾವ ತಾರೀಕಿಗೆ, ಯಾವ ಜಾಹೀರಾತು ಹಾಕಬಾರದು, ಪ್ರತಿ ಗಂಟೆಗೆ ಕೇಂದ್ರದ ಹೆಸರನ್ನು ಹೇಗೆ ಹೇಳಬೇಕು ಎಂಬುದೆಲ್ಲ ಇತ್ತು. ನಮಗೆ ಕೊಡುವ ವಸ್ತು ಯಾವುದೆಂಬಲ್ಲಿ ಮಾತ್ರ "ಎಚ್‌ಡಿ2 ವಾಹಿನಿ" ಎಂಬ ಎರಡು ಪದಗಳಿದ್ದವು. ಮನೆಯ ಬಾಡಿಗೆ ಕರಾರಿನಲ್ಲಿ ಬಾಗಿಲಿನ ಸಂಖ್ಯೆ ಬರೆದು ಎಷ್ಟು ಕೋಣೆ ಎಂದು ಬರೆಯದೆ ಬಿಟ್ಟ ಹಾಗೆ. ನಾನು ಸಾಫ್ಟ್‌ವೇರ್ ಕೆಲಸದವನು, ಬಿಟ್ ರೇಟ್ ಎಂದರೇನೆಂದು ಚೆನ್ನಾಗಿ ಬಲ್ಲವನು. ಆದರೂ ಪರೀಕ್ಷೆಯ ದಿನ ಕೇಳಿದ ಧ್ವನಿಯೇ ಮೂರು ವರ್ಷವೂ ಇರುತ್ತದೆಂದು ನಂಬಿಬಿಟ್ಟೆ.

ಎಂಟು ತಿಂಗಳ ನಂತರ ಕೇಂದ್ರದವರು ಎಚ್‌ಡಿ3 ತೆರೆದು ಇನ್ನೊಬ್ಬರ ಧಾರ್ಮಿಕ ಪ್ರವಚನಗಳಿಗೆ ಕೊಟ್ಟರು. ಎಚ್‌ಡಿ1ರ 48ನ್ನು ಯಾರೂ ಮುಟ್ಟಲಿಲ್ಲ. ನಮ್ಮ 48 ಎರಡು ಹೋಳಾಗಿ 24 ನಮಗೆ, 24 ಅವರಿಗೆ ಹೋಯಿತು. ಇದನ್ನು ಯಾರೂ ನಮಗೆ ತಿಳಿಸಲಿಲ್ಲ, ತಿಳಿಸಬೇಕೆಂದು ಕರಾರಿನಲ್ಲಿಯೂ ಇರಲಿಲ್ಲ. ಮೊದಲು ಗುರುತಿಸಿದವರು ಊರಿನಿಂದ ಬಂದಿದ್ದ ನಮ್ಮ ತಾಯಿ. ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತ ಕುಳಿತವರು ಚಾಕು ಕೆಳಗಿಟ್ಟು, "ಏನೋ ಇದು, ವೀಣೆ ನೀರೊಳಗಿಂದ ಕೇಳಿಸ್ತಿದೆಯಲ್ಲೋ" ಎಂದರು. ನಾನು ಹತ್ತಿರ ಹೋಗಿ ಕಿವಿಗೊಟ್ಟೆ. ತಂಬೂರಿಯ ಶ್ರುತಿ ಮಿಣುಕುತ್ತಿತ್ತು, ಮೀಟಿನ ತುದಿ ಸವೆದುಹೋಗಿತ್ತು, ಗಮಕ ಎಳೆಯುವಲ್ಲಿ ನಾದದ ಸುತ್ತ ಮರಳು ಸರಿದಂಥ ಸದ್ದು ಬರುತ್ತಿತ್ತು.

ಕಾರಣ ಹೀಗಿದೆ. ಎಚ್‌ಡಿ ರೇಡಿಯೊ ಧ್ವನಿಯನ್ನು ಕುಗ್ಗಿಸುವ ಕ್ರಮದಲ್ಲಿ ಮೇಲಿನ ಕಂಪನಾಂಕಗಳನ್ನು ಪೂರ್ತಿಯಾಗಿ ಕಳಿಸುವುದಿಲ್ಲ. ಕೆಳಗಿನ ಭಾಗವನ್ನು ಕಳಿಸಿ, ಮೇಲಿನದನ್ನು ಹೇಗೆ ಮರುಸೃಷ್ಟಿಸಬೇಕೆಂಬ ಸೂಚನೆಯನ್ನು ಮಾತ್ರ ಜೊತೆಗೆ ಕೊಡುತ್ತದೆ, ಉಳಿದದ್ದು ರೇಡಿಯೊ ಪೆಟ್ಟಿಗೆಯ ಊಹೆ. 48 ಕಿಲೋಬಿಟ್‌ನಲ್ಲಿ ಆ ಊಹೆ ಕಿವಿಗೆ ತಾಕುವುದಿಲ್ಲ. 24ರಲ್ಲಿ ಮಾತು ಚೆನ್ನಾಗಿಯೇ ಉಳಿಯುತ್ತದೆ, ಗಿಟಾರು–ಡ್ರಮ್ಮಿನ ಹಾಡೂ ಕಾರಿನ ಗದ್ದಲದಲ್ಲಿ ನಡೆದುಹೋಗುತ್ತದೆ. ಆದರೆ ತಂಬೂರಿಯಂತೆ ಬಿಡದೆ ಮೊಳಗುವ, ಮೇಲ್ನಾದಗಳೇ ಜೀವವಾಗಿರುವ ವಾದ್ಯ ತಾಳಿಕೊಳ್ಳುವುದಿಲ್ಲ. ಇದರ ಮೇಲೆ ನಾವೇ ಇನ್ನೊಂದು ಕೇಡು ಮಾಡಿಕೊಂಡಿದ್ದೆವು. ನಮ್ಮ ಬೇಸ್‌ಮೆಂಟಿನಿಂದ ಕೇಂದ್ರಕ್ಕೆ ಇಂಟರ್‌ನೆಟ್ ಮೂಲಕ ಕಳಿಸುತ್ತಿದ್ದ ಧ್ವನಿಯೂ 128 ಕಿಲೋಬಿಟ್‌ನ ಎಂಪಿ3 ಆಗಿತ್ತು. ಒಮ್ಮೆ ಹಿಂಡಿದ್ದನ್ನು ಅಲ್ಲಿ ಮತ್ತೊಮ್ಮೆ ಹಿಂಡುತ್ತಿದ್ದರು. ಜಾಗ 48 ಇದ್ದಾಗ ಮುಚ್ಚಿಹೋಗಿದ್ದ ಈ ದೋಷ 24ಕ್ಕೆ ಇಳಿದ ದಿನ ಬಯಲಾಯಿತು.

ಕೇಂದ್ರದವರ ಬಳಿ ಹೋದಾಗ ಅವರು ಕರಾರನ್ನು ನಮ್ಮ ಮುಂದಿಟ್ಟರು. ಎಚ್‌ಡಿ2 ಕೊಡುತ್ತೇವೆಂದು ಬರೆದಿತ್ತು, ಎಚ್‌ಡಿ2 ಕೊಟ್ಟಿದ್ದರು. ವಕೀಲರನ್ನು ಕೇಳಿದರೆ ಅವರೂ ಅದನ್ನೇ ಹೇಳಿದರು. ಉಳಿದ 28 ತಿಂಗಳ ಬಾಡಿಗೆ ಒಂದು ಡಾಲರೂ ಇಳಿಯಲಿಲ್ಲ.

ಇನ್ನೊಂದು ವಿಷಯವನ್ನೂ ನೀವು ತಿಳಿದಿರಬೇಕು. ಡಿಜಿಟಲ್ ಸಂಕೇತ ಕೈಕೊಟ್ಟರೆ ಎಚ್‌ಡಿ1 ಸದ್ದಿಲ್ಲದೆ ಅನಲಾಗ್‌ಗೆ ಜಾರಿಕೊಳ್ಳುತ್ತದೆ, ಕೇಳುಗನಿಗೆ ಗೊತ್ತೂ ಆಗುವುದಿಲ್ಲ. ಎಚ್‌ಡಿ2ಕ್ಕೆ ಹಿಂದೆ ನಿಲ್ಲುವವರು ಯಾರೂ ಇಲ್ಲ. ಸಂಕೇತ ಹೋದರೆ ಪೂರ್ತಿ ಮೌನ. ನಾವು ಒಂದೊಂದು ಸುಮಾರು 50 ಡಾಲರಿನಂತೆ ನಲವತ್ತು ಮೇಜಿನ ರೇಡಿಯೊಗಳನ್ನು ಕೊಂಡು ಹಿರಿಯರಿರುವ ಮನೆಗಳಿಗೆ ಹಂಚಿದ್ದೆವು. ಇಟ್ಟಿಗೆಯ ಟೌನ್‌ಹೌಸ್‌ಗಳ ಅಡುಗೆಮನೆಯಲ್ಲಿ ಆಂಟೆನಾದ ತಂತಿಯನ್ನು ಕಿಟಕಿಗೆ ಅಂಟಿಸಿದರೆ ಮಾತ್ರ ವಾಹಿನಿ ನಿಲ್ಲುತ್ತಿತ್ತು. ಫ್ರಿಜ್ಜಿನ ಬಾಗಿಲು ತೆಗೆಯಲು ಯಾರಾದರೂ ಅಡ್ಡ ನಿಂತರೆ ಹಾಡು ಕತ್ತರಿಸಿದಂತೆ ನಿಂತುಬಿಡುತ್ತಿತ್ತು. ಗುಂಡಿ ತಿರುಗಿಸಿದ ಮೇಲೆ ಎಚ್‌ಡಿ2 ಹಿಡಿಯಲು ಕೆಲವು ಸೆಕೆಂಡು ಬೇಕು, ಅಷ್ಟರಲ್ಲಿ ರೇಡಿಯೊ ಕೆಟ್ಟಿದೆಯೆಂದು ತಿಳಿದು ಆರಿಸಿಬಿಟ್ಟ ಅಜ್ಜಿಯರು ಎಷ್ಟೋ ಮಂದಿ. ಹಾಡಿನ ಹೆಸರನ್ನು ಕನ್ನಡ ಲಿಪಿಯಲ್ಲಿ ಕಳಿಸಿದರೆ ನಮ್ಮ ರೇಡಿಯೊಗಳ ಪರದೆಯ ಮೇಲೆ ಚೌಕಗಳು ಮೂಡುತ್ತಿದ್ದುದರಿಂದ ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕಾಯಿತು, ಅದೂ ನನಗೆ ನೋವಿನ ಸಂಗತಿಯೇ.

ಆದ್ದರಿಂದ ಯಾವ ಸ್ವರೂಪದ ಕಾರ್ಯಕ್ರಮ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಸ್ವರೂಪವನ್ನು ನೀವು ಆರಿಸುವುದಿಲ್ಲ, ನಿಮಗೆ ಸಿಕ್ಕ ಕಿಲೋಬಿಟ್ ಆರಿಸುತ್ತದೆ. ನಮಗೆ ಇದು ಅರ್ಥವಾದದ್ದು ಎರಡನೆಯ ವರ್ಷದ ಕೊನೆಗೆ. ಆಗ ಸಂಗೀತವನ್ನು ರಾತ್ರಿಯ ಪಾಳಿಗೆ ಸರಿಸಿ, ಹಗಲೆಲ್ಲ ಮಾತಿನ ಕಾರ್ಯಕ್ರಮ ತುಂಬಿದೆವು: ವೀಸಾ ತೊಡಕುಗಳ ಬಗ್ಗೆ ವಕೀಲರೊಡನೆ ಪ್ರಶ್ನೋತ್ತರ, ಕನ್ನಡ ಶಾಲೆಯ ಮಕ್ಕಳ ಕಥೆ, ವೈದ್ಯರ ಸಲಹೆ, ಹರಿಕಥೆ. ಊರಿನಿಂದ ಪ್ರವಾಸ ಬಂದ ಕಲಾವಿದರು ಇಲ್ಲಿ ನಡೆಸಿಕೊಟ್ಟ ತಾಳಮದ್ದಳೆಯನ್ನು ಧ್ವನಿಮುದ್ರಿಸಿ ಹಾಕಿದಾಗ, ಅದೇ 24 ಕಿಲೋಬಿಟ್‌ನಲ್ಲಿ ಚೆಂಡೆಯ ಪೆಟ್ಟು ಮಸುಕಾದರೂ ಕರ್ಣ–ಶಲ್ಯರ ಸಂವಾದದ ಒಂದು ಅಕ್ಷರವೂ ಕಳೆಯಲಿಲ್ಲ. ಆ ವಾರ ಬಂದಷ್ಟು ಕರೆಗಳು ಅದುವರೆಗೆ ಎಂದೂ ಬಂದಿರಲಿಲ್ಲ. ಮೊದಲ ದಿನದಿಂದ ಹೀಗೆ ಮಾಡಿದ್ದರೆ ನಾವು ಉಳಿಯುತ್ತಿದ್ದೆವೆಂದು ನನ್ನ ದೃಢವಾದ ನಂಬಿಕೆ. ಸಂಗೀತ ಬೇಕಾದವರಿಗೆ ಫೋನಿನಲ್ಲಿ ಇದಕ್ಕಿಂತ ಚೆಂದದ ಧ್ವನಿ ಸಿಗುತ್ತದೆ, ಆದರೆ ತಮ್ಮ ಊರಿನ ಸುದ್ದಿಯನ್ನು ತಮ್ಮ ಭಾಷೆಯಲ್ಲಿ ಹೇಳುವವರು ಅಲ್ಲಿ ಸಿಗುವುದಿಲ್ಲ.

ಕನ್ನಡಕ್ಕೆ ಹಿಂದಿ ಬೆರೆಸುವುದರ ಬಗ್ಗೆಯೂ ಕೇಳಿದ್ದೀರಿ. ಬೆರೆಸಬೇಡಿ. ಪಕ್ಕದ ವಾಹಿನಿಗೆ ದಾರಿಹೋಕರು ಬರುವುದಿಲ್ಲ, ಹುಡುಕಿಕೊಂಡು ಬರುವವರಷ್ಟೇ ಬರುತ್ತಾರೆ, ಮತ್ತು ಹುಡುಕಿಕೊಂಡು ಬಂದವರಿಗೆ ಅರೆಬರೆ ಕೊಟ್ಟರೆ ನಿಲ್ಲುವುದಿಲ್ಲ. ನಮ್ಮ ನಗರದಲ್ಲಿಯೇ ನೋಡಿ. ಡಬ್ಲ್ಯೂಇಟಿಎ ಕೇಂದ್ರ ತನ್ನ 90.9ರ ಎಚ್‌ಡಿ2ರಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಗಾಯನವನ್ನು ಮಾತ್ರ ಕೊಡುವ ವೀವಾ ಲಾ ವೋಚೆ ನಡೆಸಿತು. ಡಬ್ಲ್ಯೂಎಎಂಯು ಕೇಂದ್ರದ 88.5 ಎಚ್‌ಡಿ2ರಲ್ಲಿ ಬ್ಲೂಗ್ರಾಸ್ ಎಂಬ ಅಮೆರಿಕದ ಜನಪದ ಶೈಲಿಯ ಸಂಗೀತಕ್ಕೆ ಮೀಸಲಾದ ಬ್ಲೂಗ್ರಾಸ್ ಕಂಟ್ರಿ ಎಂಬ ವಾಹಿನಿ ಇತ್ತು. ಅದನ್ನು ನಿಲ್ಲಿಸುವ ಮಾತು 2016ರಲ್ಲಿ ಬಂದಾಗ ಆ ಸಂಗೀತದ ಅಭಿಮಾನಿಗಳು ಪ್ರತಿಷ್ಠಾನವೊಂದನ್ನು ಕಟ್ಟಿಕೊಂಡು 2017ರಲ್ಲಿ ನಡೆಸುವ ಹೊಣೆಯನ್ನು ತಾವೇ ಹೊತ್ತರು. ಬ್ಯಾಂಜೊ, ಪಿಟೀಲುಗಳ ಒಂದು ಪ್ರಾದೇಶಿಕ ಸಂಗೀತಕ್ಕೆ ಹಣ ಕೊಡುವ ಜನ ಇದ್ದಾರೆಂದರೆ ಅದು ಹತ್ತು ಬಗೆಯ ಹಾಡು ಕಲಸಿದ್ದರಿಂದ ಬಂದ ಪ್ರೀತಿಯಲ್ಲ. ನಾವು ಜಾಹೀರಾತಿನ ಹಣವನ್ನು ನಂಬಿಕೊಂಡಿದ್ದೆವು. ದಿನಸಿ ಅಂಗಡಿಯವರು, ತೆರಿಗೆ ಲೆಕ್ಕದವರು ಎರಡು ತಿಂಗಳು ಕೊಟ್ಟು, ಅಂಗಡಿಯೊಳಗೆ ತಮಗೇ ವಾಹಿನಿ ಹಿಡಿಯದಿದ್ದಾಗ ನಿಲ್ಲಿಸಿದರು. ಮೊದಲೇ ನೂರು ಮನೆಗಳಿಂದ ವರ್ಷದ ವಂತಿಗೆ ಸಂಗ್ರಹಿಸಿ ಆಮೇಲೆ ಕೇಂದ್ರದ ಬಾಗಿಲು ತಟ್ಟಿ; ನೂರು ಮನೆ ಸಿಗದಿದ್ದರೆ ವಾಹಿನಿಯೂ ಬೇಡ.

ಟ್ರಾನ್ಸ್‌ಲೇಟರ್ ಇಲ್ಲದ ಎಚ್‌ಡಿ2 ಅನ್ನು ಹಿಡಿಯಬೇಡಿ ಎಂದೂ ಹೇಳುತ್ತೇನೆ. ಹೆಚ್ಚೆಂದರೆ 250 ವಾಟ್ ಶಕ್ತಿಯ ಈ ಚಿಕ್ಕ ಎಫ್‌ಎಂ ಪ್ರೇಷಕ ತಾನಾಗಿ ಕಾರ್ಯಕ್ರಮ ಹುಟ್ಟಿಸುವಂತಿಲ್ಲ, ಆದರೆ ಒಂದು ಕೇಂದ್ರದ ಎಚ್‌ಡಿ2 ಅನ್ನು ಮಾಮೂಲಿ ಎಫ್‌ಎಂ ಅಲೆಯಲ್ಲಿ ಮರುಪ್ರಸಾರ ಮಾಡಬಹುದು. ಆಗ ಎಲ್ಲರ ಮನೆಯ ಹಳೆಯ ರೇಡಿಯೊದಲ್ಲಿಯೂ ನೀವು ಕೇಳಿಸುತ್ತೀರಿ. ಅದು ಎರಡನೆಯ ದರ್ಜೆಯ ಸೇವೆ, ಪೂರ್ಣ ಪರವಾನಗಿಯ ಕೇಂದ್ರಕ್ಕೆ ತೊಂದರೆಯಾದರೆ ಜಾಗ ಬಿಟ್ಟುಕೊಡಬೇಕು, ಬಾಡಿಗೆಯೂ ಹೆಚ್ಚು. ಆದರೂ ಅದೇ ಮೇಲು. ಅದು ಸಿಗದಿದ್ದರೆ ವಾರಕ್ಕೆ ನಾಲ್ಕು ಗಂಟೆ ಎಎಂ ಕೇಂದ್ರದಲ್ಲಿ ಸಮಯ ಕೊಂಡುಕೊಳ್ಳಿ.

ಇಷ್ಟೆಲ್ಲ ಕೇಳಿಯೂ ಎಚ್‌ಡಿ2ವನ್ನೇ ಹಿಡಿಯುವಿರಾದರೆ, ಕೇಂದ್ರದ ಡಿಜಿಟಲ್ ಶಕ್ತಿ ಅನಲಾಗ್‌ನ ಶೇಕಡಾ ಎಷ್ಟು ಎಂದು ಕೇಳಿ. ಮೊದಲು ಶೇಕಡಾ 1ಕ್ಕೆ ಮಿತಿ ಇತ್ತು, 2010ರಿಂದ ಸಂದರ್ಭಕ್ಕೆ ತಕ್ಕಂತೆ ಶೇಕಡಾ 10ರವರೆಗೆ ಏರಿಸಲು ಎಫ್‌ಸಿಸಿ ಅವಕಾಶ ಕೊಟ್ಟಿದೆ. ಇನ್ನೂ 1ರಲ್ಲಿಯೇ ಕುಳಿತ ಕೇಂದ್ರವಾದರೆ ಅಡುಗೆಮನೆಗಳನ್ನು ಮರೆತುಬಿಡಿ. ಆಮೇಲೆ ಕೇಂದ್ರದ ಎಂಜಿನಿಯರನ್ನು ಕಂಡು, ಎಚ್‌ಡಿ2 ಮತ್ತು ಅದರ ಮುಂದಿನ ವಾಹಿನಿಗಳನ್ನು ಸೇರಿಸುವ ಇಂಪೋರ್ಟರ್ ಎಂಬ ಗಣಕದ ಪರದೆಯನ್ನು ತೋರಿಸಲು ಹೇಳಿ. ಪ್ರತಿಯೊಂದು ವಾಹಿನಿಗೆ ಎಷ್ಟು ಕಿಲೋಬಿಟ್ ಇಟ್ಟಿದ್ದಾರೆಂಬುದು ಅಲ್ಲಿ ಇರುತ್ತದೆ. ಅದರ ಚಿತ್ರ ತೆಗೆದು ಕರಾರಿಗೆ ಲಗತ್ತಿಸಿ, ಆ ಅಂಕಿ ಕಡಿಮೆಯಾದ ತಿಂಗಳು ಬಾಡಿಗೆಯೂ ಅದೇ ಪ್ರಮಾಣದಲ್ಲಿ ಇಳಿಯಬೇಕು, ಅರವತ್ತು ದಿನದೊಳಗೆ ಸರಿಪಡಿಸದಿದ್ದರೆ ಕರಾರು ಮುರಿಯುವ ಹಕ್ಕು ನಿಮಗಿರಬೇಕು ಎಂದು ಬರೆಯಿಸಿ. ಈ ಸಾಲಿಗೆ ಅವರು ಒಪ್ಪದಿದ್ದರೆ ಸಹಿ ಹಾಕದೆ ಎದ್ದು ಬನ್ನಿ.